ಆಷಾಢದಲ್ಲಿ ಬದಲಿಸಿದ ಪ್ರೊಸೆಸರ್

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಉಪನಯನಗಳ ವಿಡಿಯೊ ಎಡಿಟಿಂಗ್ ನನ್ನ ಕಸುಬು. 2019ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪಿನಲ್ಲಿ ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್ ಇತ್ತು. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಎಳೆ). 2024ರ ಮದುವೆ ಕಾಲದ ಹೊತ್ತಿಗೆ ಒಂದೂವರೆ ಗಂಟೆಯ ವಿಡಿಯೊ ಎಕ್ಸ್‌ಪೋರ್ಟ್ ಆಗಲು, ಅಂದರೆ ಎಡಿಟ್ ಮಾಡಿದ್ದೆಲ್ಲ ಸೇರಿ ಒಂದೇ ಫೈಲಾಗಲು, ಮೂರು ಗಂಟೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಎಡಿಟ್ ಮಾಡುವಾಗಲೂ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ತಡವರಿಸುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಪ್ರೊಸೆಸರ್ ಹಳೆಯದಾಯಿತು, ಬದಲಿಸಿ.

ನಾನು ಒಂದು ವಾರ ತಡೆದೆ. ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರಿನ ಒಂದೇ ಗ್ರಾಫನ್ನು ಥ್ರೆಡ್ಡಿಗೊಂದರಂತೆ ಹನ್ನೆರಡು ಸಣ್ಣ ಚೌಕಗಳಾಗಿ ಮಾಡಿಕೊಂಡು, ಕಂಪ್ಯೂಟರ್ ನಿಧಾನವಾದಾಗಲೆಲ್ಲ ಕಂಡದ್ದನ್ನು ಪುಸ್ತಕದಲ್ಲಿ ಬರೆದಿಟ್ಟೆ. ಒಂದೇ ಕಾಯಿಲೆ ಅಂದುಕೊಂಡಿದ್ದು ಎರಡಾಗಿತ್ತು. ಟೈಮ್‌ಲೈನ್ ತಡವರಿಸುವಾಗ ಹನ್ನೆರಡು ಚೌಕಗಳೂ ಅರ್ಧಕ್ಕಿಂತ ಕೆಳಗೇ ಇರುತ್ತಿದ್ದವು. ಡಿಸ್ಕ್ ಮಾತ್ರ ನೂರಕ್ಕೆ ಅಂಟಿಕೊಂಡಿರುತ್ತಿತ್ತು. ಕ್ಯಾಮೆರಾದ ಫೈಲುಗಳನ್ನೆಲ್ಲ ನಾನು ಇಟ್ಟಿದ್ದು ತಿರುಗುವ ಹಾರ್ಡ್ ಡಿಸ್ಕಿನಲ್ಲಿ. ತಿರುಗುವ ಭಾಗವಿಲ್ಲದ, ವೇಗದ ಡಿಸ್ಕಾದ ಎಸ್‌ಎಸ್‌ಡಿ ಒಂದನ್ನು ತಂದು ಆಗ ನಡೆಯುತ್ತಿದ್ದ ಕೆಲಸದ ಫೈಲುಗಳನ್ನು ಅದಕ್ಕೆ ಸಾಗಿಸಿದೆ, ದೊಡ್ಡ ಕ್ಲಿಪ್ಪುಗಳಿಗೆ ಪ್ರಾಕ್ಸಿ (ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಂಡೆ. ತಡವರಿಕೆ ನಿಂತಿತು. ಇದು ತಿಳಿಯದೆ ಪ್ರೊಸೆಸರ್ ತಂದಿದ್ದರೆ ಅದೂ ಡಿಸ್ಕಿಗಾಗಿ ಕಾಯುತ್ತಾ ಕೂರುತ್ತಿತ್ತು.

ಎಕ್ಸ್‌ಪೋರ್ಟಿನ ಕಥೆ ಬೇರೆ. ಅಲ್ಲಿ ಹನ್ನೆರಡು ಚೌಕಗಳೂ ಮೊದಲಿನಿಂದ ಕೊನೆಯವರೆಗೆ ತುಂಬಿರುತ್ತಿದ್ದವು. ಪ್ರೊಸೆಸರನ್ನು ತಣಿಸುವ ಕೂಲರಿನ ಧೂಳು ಊದಿಸಿದ ಮೇಲೆ ಬಿಸಿ ಇಳಿದು ಹತ್ತು ನಿಮಿಷ ಉಳಿಯಿತು, ಅಷ್ಟೇ. ಆ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿರುವ, ವಿಡಿಯೊ ಕುಗ್ಗಿಸುವ ಎನ್‌ಕೋಡರಿಗೆ ಒಪ್ಪಿಸಿಯೂ ನೋಡಿದೆ. ಬಹಳ ಬೇಗ ಮುಗಿಸಿತು. ಆದರೆ ನನ್ನದು ಹಳೆಯ ಕಾರ್ಡು. ಧಾರೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವ ಆ ಕೆಲವು ಕ್ಷಣಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು, ವಧುವಿನ ಮುಖವೇ ಮಸುಕಾಗುತ್ತಿತ್ತು. ಸಾವಿರಾರು ಅಕ್ಕಿಕಾಳುಗಳು ಒಂದೊಂದು ದಿಕ್ಕಿಗೆ ಹಾರುವ ದೃಶ್ಯ ಯಾವ ಎನ್‌ಕೋಡರಿಗೂ ಕಷ್ಟವೇ. ಅಷ್ಟೇ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಅಷ್ಟೇ ಡೇಟಾ ಬಳಸಿ) ಪ್ರೊಸೆಸರ್ ನಿಧಾನವಾಗಿ ಮಾಡಿದ್ದು ಕಣ್ಣಿಗೆ ಕಾಣುವಷ್ಟು ಸ್ವಚ್ಛವಾಗಿತ್ತು. ಮನೆಯವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುವುದೇ ಆ ದೃಶ್ಯ. ಅಲ್ಲಿ ನಾನು ರಾಜಿ ಮಾಡಿಕೊಳ್ಳಲಾರೆ. ಹಾಗಾಗಿ ಪ್ರೊಸೆಸರಿಗೆ ಹಣ ಹಾಕುವುದು ಸರಿ ಎಂದು ತೀರ್ಮಾನಿಸಿದೆ.

ನನ್ನ ಮದರ್‌ಬೋರ್ಡ್ ಬಿ450, ಅದರಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4. ಬೋರ್ಡಿಗೆ ಹೊಂದುವ ಪ್ರೊಸೆಸರುಗಳ ತಯಾರಕರ ಪಟ್ಟಿಯಲ್ಲಿ ರೈಜನ್ 7 5700ಎಕ್ಸ್ ಹೆಸರಿತ್ತು: ಎಂಟು ಕೋರ್, ಹದಿನಾರು ಥ್ರೆಡ್, ಹಳೆಯದರಂತೆಯೇ 65 ವ್ಯಾಟ್. ಅದೇ ಬೋರ್ಡು, ಅದೇ ಡಿಡಿಆರ್4 ರ‍್ಯಾಮ್ ಸಾಕು. ಆಗ ಅದರ ಬೆಲೆ ಸುಮಾರು ಹದಿನೈದು ಸಾವಿರ. ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಅದಕ್ಕೆ ಇನ್ನೆರಡು ಸಾವಿರ. ಹೊಸ ಎಎಂ5 ಸಾಕೆಟ್ಟಿಗೆ ಹೋದರೆ ಬೋರ್ಡು, ಡಿಡಿಆರ್5 ರ‍್ಯಾಮ್ ಎಲ್ಲ ಸೇರಿ ನಲವತ್ತು ಸಾವಿರ ದಾಟುತ್ತಿತ್ತು.

ಅದೇ ತಿಂಗಳು ಅಡಿಕೆ ಮಂಡಿ ನಡೆಸುವ ನಮ್ಮ ಭಾವನೂ ತಮ್ಮ ಕಂಪ್ಯೂಟರ್ ತೋರಿಸಿದರು. ಇಂಟೆಲ್ಲಿನ ಏಳನೇ ತಲೆಮಾರಿನ ಕೋರ್ ಐ5 7400, ನಾಲ್ಕು ಕೋರ್. ಕೆಲಸ ಲೆಕ್ಕಪತ್ರ, ಬಿಲ್ಲು. ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರಿಗೂ 1151 ಸಾಕೆಟ್ಟೇ ಆದರೂ ಅವರ ಬೋರ್ಡಿನಲ್ಲಿ ಅದು ಓಡುವುದಿಲ್ಲ. ಏರುವುದಾದರೆ ಐ7 7700 ತನಕ. ಅಷ್ಟು ಮಾಡಿದರೂ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರುಗಳ ಪಟ್ಟಿಗೆ ಸೇರುವುದಿಲ್ಲ. “ಭಾವ, ಇದಕ್ಕೆ ಪ್ರೊಸೆಸರ್ ಬೇಡ, ಎಸ್‌ಎಸ್‌ಡಿ ಹಾಕಿಸಿ ಸಾಕು” ಎಂದೆ. ಹಾಕಿಸಿದರು. ಬೆಳಗ್ಗೆ ಆನ್ ಮಾಡಿ ಕಾಫಿ ಕುಡಿದು ಬರುತ್ತಿದ್ದವರು ಈಗ ನಿಂತಲ್ಲೇ ಲಾಗಿನ್ ಆಗುತ್ತಾರೆ.

ಆಷಾಢದಲ್ಲಿ ಮದುವೆಗಳಿಲ್ಲ. ಕೈ ಬಿಡುವಾದಾಗ ನನ್ನದನ್ನು ಬಿಚ್ಚಿದೆ. ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಬೇಕು. ಇಲ್ಲವಾದರೆ ಹೊಸದನ್ನು ಬೋರ್ಡು ಗುರುತಿಸುವುದಿಲ್ಲ. ಅಪ್‌ಡೇಟಿನ ನಡುವೆ ವಿದ್ಯುತ್ ಹೋದರೆ ಬೋರ್ಡೇ ಏಳದಿರಬಹುದು. ಮಲೆನಾಡಿನ ಮಳೆಯಲ್ಲಿ ವಿದ್ಯುತ್ತನ್ನು ನಂಬುವಂತಿಲ್ಲವಲ್ಲ, ಅದಕ್ಕೆ ಯುಪಿಎಸ್‌ನ ಬ್ಯಾಟರಿ ಪೂರ್ತಿ ತುಂಬಿಸಿಕೊಂಡ ಮೇಲೆಯೇ ಕೈ ಹಾಕಿದೆ.

ಇನ್ನೊಂದು ಎಚ್ಚರಿಕೆ ನಾನು ಕಷ್ಟಪಟ್ಟು ಕಲಿತದ್ದು. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳಿವೆ. ಹಿಂದೊಮ್ಮೆ ಸ್ನೇಹಿತರ ಯಂತ್ರದಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದಿದ್ದೆ. ಶಾಖ ದಾಟಿಸಲೆಂದು ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚಿದ್ದು ಒಣಗಿದ ಪೇಸ್ಟಿಗೆ ಕಚ್ಚಿಕೊಂಡು ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬಂತು, ಮೂಲೆಯ ನಾಲ್ಕು ಪಿನ್ನು ಬಾಗಿದವು. ಕಡ್ಡಿ ತೆಗೆದ ಪೆನ್‌ಪೆನ್ಸಿಲಿನ ತೂತಿಗೆ ಒಂದೊಂದೇ ಪಿನ್ನು ತೂರಿಸಿ ನೇರ ಮಾಡಲು ಅರ್ಧ ದಿನ ಹೋಯಿತು. ಹಾಗಾಗಿ ಈ ಸಲ ಹದಿನೈದು ನಿಮಿಷ ಎಕ್ಸ್‌ಪೋರ್ಟ್ ಓಡಿಸಿ ಪೇಸ್ಟು ಬಿಸಿಯಾಗಲು ಬಿಟ್ಟೆ. ಆಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಬಾಟಲಿ ಮುಚ್ಚಳದಂತೆ ಕೂಲರನ್ನು ಅತ್ತ ಇತ್ತ ತಿರುವಿ ಸಡಿಲಿಸಿ ತೆಗೆದೆ. ಮೆತ್ತಗೆ ಬಂತು.

ಅದೇ ಮದುವೆ, ಅದೇ ಸೆಟ್ಟಿಂಗು: ಮೂರೂವರೆ ಗಂಟೆಯ ಕೆಲಸ ಒಂದು ಗಂಟೆ ಐವತ್ತೈದು ನಿಮಿಷಕ್ಕೆ ಮುಗಿಯಿತು. ಹಳೆಯ ಪ್ರೊಸೆಸರಿಗೆ ನಾಲ್ಕು ಸಾವಿರ ಬಂತು. ಈಗ ಸಂಜೆ ಏಳಕ್ಕೆ ಎಕ್ಸ್‌ಪೋರ್ಟಿಗೆ ಹಚ್ಚಿದರೆ ಊಟ ಮುಗಿಸಿ ಬರುವಷ್ಟರಲ್ಲಿ ಫೈಲ್ ಸಿದ್ಧವಿರುತ್ತದೆ. ಧಾರೆಯ ಭಾಗವನ್ನು ಆಗಲೇ ಹಾಕಿ ನೋಡುತ್ತೇನೆ. ತಪ್ಪು ಕಂಡರೆ ಸರಿಮಾಡಿ, ಮಲಗುವ ಮುನ್ನ ಮತ್ತೆ ಹಚ್ಚುತ್ತೇನೆ.