ಒಂದು ಬಿರುಕನ್ನು ವರ್ಷವಿಡೀ ಅಳೆದ ಅನುಭವ

ಉಡುಪಿ ಕಡೆ, ಸಮುದ್ರಕ್ಕೆ ತೀರಾ ಹತ್ತಿರದ ಶಾಲೆ. ಮುರಕಲ್ಲಿನ ಗೋಡೆ, ಮೇಲೆ 24 ಮೀಟರ್ ಉದ್ದದ ಕಾಂಕ್ರೀಟ್ ತಾರಸಿ. ಕೊನೆಯ ಗೋಡೆಯಲ್ಲಿ ತಾರಸಿಯ ಕೆಳಗಿಂದ ಓರೆಯಾಗಿ ಇಳಿದ ಬಿರುಕು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದಿತ್ತಲ್ವಾ, ಆಮೇಲೆ ಕಟ್ಟಡ ಪರೀಕ್ಷಿಸುವ ನನಗೆ ಇಂಥ ಫೋನುಗಳು ಜಾಸ್ತಿಯಾದವು. ಹೆಡ್‌ಮಾಸ್ಟ್ರು ಕೇಳಿದ್ದು ಒಂದೇ: "ಸಾರ್, ಮಕ್ಕಳನ್ನು ಒಳಗೆ ಕೂರಿಸಬಹುದಾ?"

ಒಂದು ಸಲ ನೋಡಿ ಅದಕ್ಕೆ ಉತ್ತರ ಹೇಳೋದು ಕಷ್ಟ. ಬಿರುಕು ಎಷ್ಟು ಅಗಲ ಅನ್ನೋದಕ್ಕಿಂತ, ಬೆಳೀತಿದೆಯಾ ಅನ್ನೋದು ಮುಖ್ಯ. ಆ ಕೋಣೆಯನ್ನು ಸದ್ಯಕ್ಕೆ ಖಾಲಿ ಮಾಡಿಸಿ, ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆ. ಎರಡು ದಡಕ್ಕೂ ಒಂದೊಂದು ಸ್ಟೀಲ್ ಪಿನ್ನು ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಟ್ಟೆ.

ಮೂರನೇ ದಿನ ಮಧ್ಯಾಹ್ನ ಫೋನು. ಗಾಜು ಒಡೆದಿದೆ, ಎಲ್ಲರೂ ಗಾಬರಿ.

ಗಾಜು ಒಡೆದರೆ ಗೋಡೆ ಅಲುಗಿದೆ ಅಂತ ಗೊತ್ತಾಗುತ್ತದೆ. ಎಷ್ಟು, ಯಾವಾಗ ಅಂತ ಗೊತ್ತಾಗೋದಿಲ್ಲ. ಅದಕ್ಕೆ ಬಿಸಿಯೂಟದ ಅಕ್ಕನಿಗೆ ಕ್ಯಾಲಿಪರ್ ಹಿಡಿಯೋದು ಹೇಳಿಕೊಟ್ಟೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ. ಬೆಳಿಗ್ಗೆ ಎಂಟಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು ಅಳತೆ. ಪಕ್ಕದಲ್ಲಿ 'ಬಿಸಿಲು', 'ಮೋಡ', 'ಮಳೆ' ಅಂತ ಬರೆಯೋದನ್ನು ಅವರೇ ಶುರು ಮಾಡಿದರು. ನಾನು ಹೇಳಿರಲಿಲ್ಲ.

ಗುಟ್ಟು ಬಿಡಿಸಿದ್ದು ಅದೇ ಪದಗಳು. ಬಿಸಿಲಿದ್ದ ದಿನ ಮಧ್ಯಾಹ್ನ ಅಂತರ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲವಾಗುತ್ತಿತ್ತು, ಮರುದಿನ ಬೆಳಿಗ್ಗೆ ಹಳೇ ಜಾಗಕ್ಕೇ ಬರುತ್ತಿತ್ತು. ಮಳೆ ದಿನ ಅಲುಗಾಟವೇ ಇಲ್ಲ. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಕಾಂಕ್ರೀಟ್ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. 24 ಮೀಟರ್ ತಾರಸಿ 12 ಡಿಗ್ರಿ ಕಾದರೆ ಹೆಚ್ಚುಕಡಿಮೆ 3 ಮಿ.ಮೀ. ಅಷ್ಟು ಹಿಗ್ಗಲು ಹೊರಟ ತಾರಸಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಿತ್ತು. ಅಡಿಪಾಯ ಕುಸಿದಿದ್ದರೆ ಅಂತರ ಹೀಗೆ ವಾಪಸ್ ಬರುತ್ತಿರಲಿಲ್ಲ.

ಅಳತೆಯ ಪುಸ್ತಕ ತಿರುವುತ್ತಿದ್ದಾಗ ಅಕ್ಕ ಹೇಳಿದರು: "ಸಾರ್, ಅಡುಗೆ ಕೋಣೆಯ ಬೀಮಿಂದ ಪುಡಿ ಬೀಳ್ತದೆ. ಅನ್ನದ ಪಾತ್ರೆ ಆಚೆ ಇಟ್ಟಿದ್ದೇನೆ."

ಮೊದಲ ದಿನ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅದು ನನ್ನ ತಪ್ಪು. ಬೀಮಿನ ತಳದಂಚಿನಲ್ಲಿ, ಒಳಗಿನ ಕಬ್ಬಿಣದ ಸರಳಿನ ಉದ್ದಕ್ಕೇ, ಕೂದಲೆಳೆಯಂಥ ಗೆರೆ. ಗೆರೆಯಲ್ಲಿ ಕಂದು ಕಲೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ನಡುವೆ 'ಠಣ್' ಅಂದದ್ದು ಅಂಚಿಗೆ ಬರುತ್ತಾ 'ಡಬ್' ಅಂತ ಟೊಳ್ಳಾಗಿ ಕೇಳಿತು. ಸ್ವಲ್ಪ ಕೆತ್ತಿ, ಶಾಲೆಯ ಲ್ಯಾಬಿನಲ್ಲೇ ಇದ್ದ ಫಿನಾಫ್ತಲೀನ್ ದ್ರಾವಣ ಹಾಕಿದೆ. ಆರೋಗ್ಯವಾಗಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಸರಳು ಸಿಗುವವರೆಗೂ ಬಣ್ಣ ಬರಲಿಲ್ಲ. ಅಂದರೆ ಕಬ್ಬಿಣವನ್ನು ಕಾಯುವ ಕ್ಷಾರಗುಣ ಅಲ್ಲಿವರೆಗೂ ಹೋಗಿತ್ತು. ಮೇಲಿಂದ ತಾರಸಿ ಸೋರುತ್ತಿತ್ತು, ಸಮುದ್ರದ ಉಪ್ಪುಗಾಳಿ ಬೇರೆ. ತುಕ್ಕು ಹಿಡಿದ ಕಬ್ಬಿಣ ಮೂಲ ಕಬ್ಬಿಣದ ಎರಡು ಪಟ್ಟಿಗಿಂತಲೂ ಜಾಸ್ತಿ ಜಾಗ ಕೇಳುತ್ತದೆ. ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ.

ಅವತ್ತೇ ಬೀಮಿನ ಕೆಳಗೆ ಜಾಕಿ ಕೊಡಿಸಿ, ಅಡುಗೆಯನ್ನು ಹೊರಗಿನ ಶೆಡ್ಡಿಗೆ ಸಾಗಿಸಿದೆವು. ಟೊಳ್ಳು ಕಾಂಕ್ರೀಟ್ ಕೆತ್ತಿ ತೆಗೆದು, ಸರಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸವೆದಲ್ಲಿ ಹೊಸ ಸರಳು ಸೇರಿಸಿ, ಪಾಲಿಮರ್ ಗಾರೆ ತುಂಬಿಸಿದೆವು. ಅದಕ್ಕೂ ಮೊದಲು ತಾರಸಿ ಸೋರಿಕೆ ನಿಲ್ಲಿಸಿದೆವು. ನೀರು ನಿಲ್ಲದಿದ್ದರೆ ಕೆಳಗೆ ಮಾಡಿದ ರಿಪೇರಿ ಬಾಳೋದಿಲ್ಲ.

ಸೆನ್ಸರ್ ಹಾಕಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ದೊಡ್ಡ ಸೇತುವೆಗೆ ಬೇಕು, ರಾತ್ರಿ ಹಗಲು ಅಳೆಯುತ್ತದೆ. ಆದರೆ ಅದನ್ನು ಎಲ್ಲಿ ಅಂಟಿಸಬೇಕು ಅಂತ ತಿಳಿಯೋಕೆ ಮೊದಲು ಕೋಣೆ ಕೋಣೆ ಸುತ್ತಬೇಕು. ಅಲ್ಲಿ ದಿನಾ ಕೆಲಸ ಮಾಡುವವರನ್ನು ಕೇಳಬೇಕು.

ಓರೆ ಬಿರುಕಿಗೆ ಗೋಡೆಯ ಜೊತೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿಸಿದ್ದೇವೆ, ಪಿನ್ನು ಹಾಗೇ ಇದೆ. ವರ್ಷದ ಕೊನೆಗೂ ಬೆಳಗಿನ ಅಳತೆ ಮೊದಲಿನದ್ದೇ ಬಂತು. ಅಕ್ಕ ಈಗ ತಿಂಗಳಿಗೊಮ್ಮೆ ಬರೆಯುತ್ತಾರೆ. ಪುಸ್ತಕದಲ್ಲಿ 'ಬೀಮು' ಅಂತ ಹೊಸ ಕಾಲಂ ಒಂದನ್ನು ಗೆರೆ ಎಳೆದು ಸೇರಿಸಿದ್ದಾರೆ.