ಶಿಕ್ಷೆಯ ವಾದಕ್ಕೂ ಒಂದು ಕಡತ: ನನ್ನ ಅನುಭವ

ದೋಷಿ ಎಂದು ತೀರ್ಪಾದ ಮೇಲೆ ಶಿಕ್ಷೆಯ ಬಗ್ಗೆ ಹೇಳುವುದೇನಿದೆ ಎಂದು ನ್ಯಾಯಾಧೀಶರು ಕೇಳಿದರೆ ನಮ್ಮಲ್ಲಿ ಮುಕ್ಕಾಲು ಪಾಲು ವಕೀಲರ ಉತ್ತರ ಒಂದೇ: ವಯಸ್ಸಾದ ತಂದೆತಾಯಿ, ಮನೆಗೆ ಇವನೊಬ್ಬನೇ ದಿಕ್ಕು, ಕನಿಕರ ತೋರಬೇಕು. ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ. ಶಿಕ್ಷೆಯ ವಾದಕ್ಕೆಂದೇ ನಾನು ಬೇರೆ ಕಡತ ಕಟ್ಟತೊಡಗಿದಾಗ ಹಿರಿಯರು ನಕ್ಕರು. ‘ಬಿಡುಗಡೆ ಕೇಳುವವನು ಮೊದಲೇ ಜೈಲಿನ ಲೆಕ್ಕ ಹಾಕುತ್ತಾನಲ್ಲ!’

ಮೊದಲೆರಡು ಪ್ರಕರಣಗಳಲ್ಲಿ ಕಡತ ನೆಲಕಚ್ಚಿದ್ದು ನಿಜ. ಪಂಚಾಯಿತಿಯ ನಡತೆ ಪತ್ರಗಳೆಲ್ಲ ಒಂದೇ ಒಕ್ಕಣೆ, ಹೆಸರಷ್ಟೇ ಬೇರೆ. ಓಡಾಟ, ಜೆರಾಕ್ಸ್, ಗುಮಾಸ್ತರ ಭತ್ಯೆ ಎಂದು ಐದಾರು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಸೋತ ಕಕ್ಷಿದಾರ ಅದನ್ನು ಕೊಡುವುದುಂಟೇ?

ಫಲ ಸಿಕ್ಕಿದ್ದು ಬದುವಿನ ಜಗಳದಲ್ಲಿ. ಆಗಿನ ಐಪಿಸಿ 325 (ತೀವ್ರ ಗಾಯ), ಮುಂಗೈ ಮೂಳೆ ಮುರಿತ, ವೈದ್ಯರ ಸಾಕ್ಷ್ಯ ಗಟ್ಟಿ. ಘಟನೆಯ ದಿನ ಹುಡುಗನಿಗೆ ಹತ್ತೊಂಬತ್ತು. ತೀರ್ಪಿನ ಹೊತ್ತಿಗೆ ಇಪ್ಪತ್ತೊಂದು ದಾಟಿತ್ತು. ವಯಸ್ಸು ನೋಡಬೇಕಾದದ್ದು ಘಟನೆಯ ದಿನದ್ದಲ್ಲ, ತೀರ್ಪಿನ ದಿನದ್ದು ಎನ್ನುವ ಸುಪ್ರೀಂ ಕೋರ್ಟಿನ ರಾಮ್‌ಜಿ ಮಿಸ್ಸರ್ ತೀರ್ಪು (1963) ಇರುವುದರಿಂದ, ಜೈಲಿನ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಇಪ್ಪತ್ತೊಂದರ ಒಳಗಿನವರಿಗಿರುವ ಕಲಂ 6 ಕೈತಪ್ಪಿತು. ಉಳಿದದ್ದು ವಯಸ್ಸಿನ ಮಿತಿಯಿಲ್ಲದ ಕಲಂ 4. ಗಾಯಾಳುವಿನ ಆಸ್ಪತ್ರೆ ಖರ್ಚು ಸುಮಾರು ಐವತ್ತು ಸಾವಿರ. ಅಷ್ಟನ್ನೂ ಹೊಂದಿಸಲು ಮನೆಯವರು ಎತ್ತು ಮಾರಿದರು. ಆ ಹಣದ ಮಾತನ್ನು ವಾದದ ಯಾವ ಹಂತದಲ್ಲಿ ತೆಗೆಯಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಎದುರಾಳಿಗಳೂ ಓದುತ್ತಾರೆ.

ಹಳೆಯ ಪ್ರಕರಣಗಳಿಲ್ಲ, ಆಯುಧವಿಲ್ಲ, ದಿಢೀರ್ ಜಗಳ ಎಂಬುದೆಲ್ಲ ತಕ್ಕಡಿಯ ನಮ್ಮ ತಟ್ಟೆಯಲ್ಲಿತ್ತು. ಆದರೆ ಅಭಿಯೋಜಕರು ‘ಇವನನ್ನು ಬಿಟ್ಟರೆ ನಾಳೆ ಅದೇ ಬದುವಿನ ಮೇಲೆ ಮತ್ತೆ ಹೊಡೆದಾಟ’ ಎಂದಾಗ ನ್ಯಾಯಾಧೀಶರು ತಲೆಯೆತ್ತಿ ನೋಡಿದರು. ಅದಕ್ಕೆ ಉತ್ತರ ಕಡತದಲ್ಲಿತ್ತು: ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿದ ದಾಖಲೆ, ಅದನ್ನು ಕಣ್ಣಾರೆ ಕಂಡು ಬಂದ ಪ್ರೊಬೇಷನ್ ಅಧಿಕಾರಿಯ ವರದಿ. ಪ್ರೊಬೇಷನ್ ಕೊಡದಿದ್ದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 361ರಂತೆ ವಿಶೇಷ ಕಾರಣ ಬರೆಯಬೇಕೆಂದು ಮೆಲ್ಲಗೆ ನೆನಪಿಸಿದೆ. ಎರಡು ವರ್ಷದ ಮುಚ್ಚಳಿಕೆ, ಗಾಯಾಳುವಿಗೆ ಪರಿಹಾರ. ಹುಡುಗ ಅಂದೇ ಮನೆಗೆ ಹೋದ. ನಕ್ಕ ಹಿರಿಯರೊಬ್ಬರು ಮರುವಾರ ನಮೂನೆ ಕೇಳಿದರು. ಕೊಟ್ಟೆ, ಪೂರ್ತಿಯಲ್ಲ.

ಇದೇ ದಾರಿಯನ್ನು ಐಪಿಸಿ 304ಎ (ನಿರ್ಲಕ್ಷ್ಯದಿಂದ ಸಾವು) ಅಪಘಾತ ಪ್ರಕರಣದಲ್ಲೂ ಹಿಡಿದು ನೋಡಿದೆ. ಇಂಥ ಅಪಘಾತಗಳಿಗೆ ಪ್ರೊಬೇಷನ್ ಸಲ್ಲದೆನ್ನುವ ಸುಪ್ರೀಂ ಕೋರ್ಟಿನ ದಲ್ಬೀರ್ ಸಿಂಗ್ ತೀರ್ಪು (2000) ಅಡ್ಡ ನಿಂತಿತು. ಆರು ತಿಂಗಳ ಸಜೆ ತಪ್ಪಲಿಲ್ಲ. ಈಗ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ ಒಂದು ಮೊಬೈಲ್ ಕಳವಿದೆ: ಮೊದಲ ಅಪರಾಧ, ಬೆಲೆ ಐದು ಸಾವಿರದ ಒಳಗೆ, ಮಾಲು ಹಿಂದಿರುಗಿಸಿದ್ದಾಗಿದೆ. ಸಮುದಾಯ ಸೇವೆಯ ಶಿಕ್ಷೆ ಕೇಳಲು ಕಡತ ಸಿದ್ಧವಾಗುತ್ತಿದೆ. ಮೊಬೈಲಿನ ಬೆಲೆಯ ರಸೀದಿಯೊಂದು ಸಿಗಬೇಕು.