ಭಟ್ಟರು, ರಾಯರು, ಶೆಟ್ಟರು: ಸೈಟೇಶನ್ ಕೀ ಪಳಗಿಸಿದ ನನ್ನ ಅನುಭವ

ತುಳುನಾಡಿನ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುವ ಯಾರದ್ದೇ ಗ್ರಂಥಸೂಚಿ ತೆರೆಯಿರಿ. ಭಟ್, ರಾವ್, ರೈ, ಶೆಟ್ಟಿ, ಪೈ, ಮತ್ತೆ ಭಟ್. ಪುಸ್ತಕಗಳ ವಿವರ ಕೂಡಿಡುವ ತಂತ್ರಾಂಶ ಝೋಟೆರೊ. ಅದಕ್ಕೆ ಜೋಡಿಸುವ ಬೆಟರ್ ಬಿಬ್‌ಟೆಕ್ ಪ್ರತಿ ಪುಸ್ತಕಕ್ಕೂ ಒಂದು ಸೈಟೇಶನ್ ಕೀ ಕಟ್ಟುತ್ತದೆ. ಅಕ್ಷರಜೋಡಣೆಯ ಲೇಟೆಕ್‌ನಲ್ಲಿ ಪ್ರಬಂಧ ಬರೆಯುವಾಗ ಪುಸ್ತಕವನ್ನು ಉಲ್ಲೇಖಿಸುವುದು ಈ ಗುರುತುಪದದಿಂದಲೇ. ತಾನಾಗಿ ಕಟ್ಟುವ ಕೀಯಲ್ಲಿ ಉಪನಾಮ, ಶೀರ್ಷಿಕೆಯ ಮೂರು ಪದ, ಇಸವಿ ಇರುತ್ತವೆ. ನಮ್ಮ ಶೀರ್ಷಿಕೆಗಳಲ್ಲಿ ಆ ಮೂರು ಪದ ‘ತುಳು’, ‘ದಕ್ಷಿಣ’, ‘ಕನ್ನಡ’ ಎನ್ನುವಷ್ಟರಲ್ಲೇ ಮುಗಿಯುತ್ತವೆ. ಮಾರುದ್ದದ ಕೀ, ಪುಸ್ತಕ ಯಾವುದೆಂದು ಮಾತ್ರ ಗೊತ್ತಾಗದು. ‘ಇದೆಲ್ಲ ಎಂತಕ್ಕೆ ಮಾರಾಯ್ರೆ, ಕಾರ್ಡಿನಲ್ಲಿ ಬರೆದಿಡಿ’ ಎಂದಿದ್ದ ಹಿರಿಯರೇ ಈಗ ಕೊಣಾಜೆಯ ವಿಶ್ವವಿದ್ಯಾನಿಲಯದಿಂದ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಕೀಯನ್ನು ಗಿಡ್ಡ ಮಾಡಿ ನೋಡಿದೆ, ಉಪನಾಮ ಮತ್ತು ಇಸವಿ ಅಷ್ಟೇ. ಒಂದೇ ಇಸವಿಗೆ ಇಬ್ಬರು ಭಟ್ಟರು ಬಂದರೆ ಎರಡನೆಯವರಿಗೆ ‘ಎ’, ಮೂರನೆಯವರಿಗೆ ‘ಬಿ’ ಅಂಟುತ್ತದೆ. ನಾನು ಬಳಸುವ ಝೋಟೆರೊ 7ರಲ್ಲಿ ಕೀಯನ್ನು ಪಿನ್ ಮಾಡದಿದ್ದರೆ, ಅಂದರೆ ಬದಲಾಗದಂತೆ ಗಟ್ಟಿ ಮಾಡದಿದ್ದರೆ, ಇಸವಿ ತಿದ್ದಿದ ಕೂಡಲೇ ಕೀಯೂ ಬದಲು. ಹಲವರು ಹಂಚಿಕೊಳ್ಳುವ ಗ್ರೂಪ್ ಲೈಬ್ರರಿಯಲ್ಲಿ ಇನ್ನೂ ಫಜೀತಿ: ಪಿನ್ ಇಲ್ಲದ ಕೀಗಳನ್ನು ಒಬ್ಬೊಬ್ಬರ ಕಂಪ್ಯೂಟರ್ ಅದರದರ ಪಾಡಿಗೆ ಕಟ್ಟುವುದರಿಂದ ನನ್ನ ‘ಎ’ ನಿಮ್ಮಲ್ಲಿ ‘ಬಿ’ ಆಗಿರಬಹುದು. ಸ್ನೇಹಿತನೊಬ್ಬನ ಪ್ರಬಂಧ ಹೀಗೆಯೇ ಕೀ ಹೊಂದದೆ, ಉಲ್ಲೇಖ ಇರಬೇಕಾದಲ್ಲಿ ಪ್ರಶ್ನೆಚಿಹ್ನೆ ಹೊತ್ತು ಪ್ರಿಂಟಿಗೆ ಹೋಯಿತು. ಪೇಟೆಯ ಡಿಟಿಪಿ ಅಂಗಡಿಯವರು ಕಣ್ಣೆತ್ತಿಯೂ ನೋಡದೆ ಐದು ಪ್ರತಿ ಹೊಡೆದು, ಚಿನ್ನದ ಅಕ್ಷರದ ಬೈಂಡಿಂಗೂ ಮುಗಿಸಿಕೊಟ್ಟರು. ಏಳೆಂಟು ಸಾವಿರ ನೀರಿಗೆ ಹೋಯಿತು.

ಝೋಟೆರೊದಂಥದ್ದೇ ಇನ್ನೊಂದು ತಂತ್ರಾಂಶ ಜಾಬ್‌ರೆಫ್‌ಗೂ ಹೋಗಿ ಬಂದೆ. ಕೀ ಜನರೇಟರ್ ಚೆನ್ನಾಗಿಯೇ ಉಂಟು. ಆದರೆ ಬ್ರೌಸರಿನಿಂದ ಪುಸ್ತಕದ ವಿವರ ಎಳೆದುಕೊಳ್ಳುವ ಸುಖ ಝೋಟೆರೊದಲ್ಲೇ ಹೆಚ್ಚು ಅನ್ನಿಸಿ ವಾಪಸು.

ಕೊನೆಗೆ ಕೈಗೆ ಹತ್ತಿದ್ದು ಬೆಟರ್ ಬಿಬ್‌ಟೆಕ್‌ನ ಸ್ಕಿಪ್ ವರ್ಡ್ಸ್, ಅಂದರೆ ಕೀ ಕಟ್ಟುವಾಗ ಶೀರ್ಷಿಕೆಯಿಂದ ಬಿಟ್ಟುಬಿಡುವ ಪದಗಳ ಪಟ್ಟಿ. ಅಲ್ಲಿ ಇಂಗ್ಲಿಷಿನ ‘ದಿ’, ‘ಆಫ್’ ಮೊದಲೇ ಇರುತ್ತವೆ. ನಾನು ತುಳು, ತುಳುವ, ಯಕ್ಷಗಾನ, ಕೆನರಾ, ಹಿಸ್ಟರಿ, ಸ್ಟಡೀಸ್ ಎಲ್ಲ ಸೇರಿಸಿದೆ, ಈಗ ಸುಮಾರು ನಲವತ್ತು ಪದ. ಪೂರ್ತಿ ಪಟ್ಟಿ ಕೇಳಬೇಡಿ, ಅದು ನನ್ನ ಬಂಡವಾಳ. ಕೀ ಕಟ್ಟುವ ಸೂತ್ರದಲ್ಲಿ ಮೊದಲು ಆಥ್‌ಫೋರ್‌ಇನಿ, ಅಂದರೆ ಹೆಸರಿನ ಮೊದಲ ಇನಿಶಿಯಲ್. ಆಮೇಲೆ ಆಥ್ (ಉಪನಾಮ), ಇಯರ್ (ಇಸವಿ), ಶೀರ್ಷಿಕೆಯಲ್ಲಿ ಉಳಿದ ಒಂದೇ ಪದ. 1975ರ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್’ ಬರೆದ ಪಿ. ಗುರುರಾಜ ಭಟ್ಟರು ‘ಪಿಭಟ್1975ಕಲ್ಚರ್’ ಆದರು. 1967ರ ತುಳು-ಇಂಗ್ಲಿಷ್ ನಿಘಂಟಿನ ಎಂ. ಮರಿಯಪ್ಪ ಭಟ್ಟರು ‘ಎಂಭಟ್’. ಒಂದು ಮುಖಪುಟದಲ್ಲಿ ಭಟ್‌ಗೆ ಒಂದು ‘ಟಿ’, ಇನ್ನೊಂದರಲ್ಲಿ ಎರಡು. ಸೂತ್ರಕ್ಕೆ ಒಂದು ರಿಪ್ಲೇಸ್ ಸೇರಿಸಿದರೆ ಕೀಯಲ್ಲಿ ಎಲ್ಲ ಒಂದೇ ‘ಟಿ’, ಗ್ರಂಥಸೂಚಿಯಲ್ಲಿ ಅವರವರ ಮುಖಪುಟದಲ್ಲಿ ಇದ್ದ ಹಾಗೆ.

ಸೂತ್ರ ಬದಲಿಸಿದ್ದು ಸಾಲದು, ಹಳೆಯ ಎಂಟ್ರಿಗಳನ್ನೆಲ್ಲ ಆರಿಸಿ ರಿಫ್ರೆಶ್ ಕೊಡಬೇಕು, ಆಮೇಲೆ ಪಿನ್. ನನ್ನ ಝೋಟೆರೊ 7ರಲ್ಲಿ ಪಿನ್ ಆದ ಕೀ ಎಕ್ಸ್‌ಟ್ರಾ ಖಾನೆಯಲ್ಲಿ ಹೋಗಿ ಕೂರುತ್ತದೆ, ಗ್ರೂಪಿನವರಿಗೂ ಅದೇ ಸಿಂಕ್ ಆಗುತ್ತದೆ. ಅಧ್ಯಾಯ ಬರೆಯಲು ಕೂರುವ ಮೊದಲೇ ಮಾಡಿ. ನಡುವೆ ಮಾಡಿದರೆ ಲೇಟೆಕ್ ಫೈಲಿನಲ್ಲಿ ಹುಡುಕಿ ಬದಲಿಸುತ್ತಾ ರಾತ್ರಿ ಬೆಳಗಾಗುತ್ತದೆ.

ಮರುಮುದ್ರಣಗಳದ್ದು ಬೇರೆಯೇ ಕತೆ. ಕಿಟೆಲ್ ನಿಘಂಟು ಮಂಗಳೂರಿನಲ್ಲೇ ಅಚ್ಚಾದದ್ದು 1894ರಲ್ಲಿ, ನಮ್ಮ ಕೈಗೆ ಸಿಗುವುದು ಎಷ್ಟೋ ವರ್ಷ ಆದ ಮೇಲಿನ ಪ್ರತಿ. ಕೀಯಲ್ಲಿ 1894 ಬರಬೇಕಾದರೆ ಎಕ್ಸ್‌ಟ್ರಾದಲ್ಲಿ ಒರಿಜಿನಲ್ ಡೇಟ್ ಕೊಟ್ಟು ಸೂತ್ರದಲ್ಲಿ ಒರಿಗ್‌ಇಯರ್ ಹಾಕಬೇಕು. ಅದು ಇದ್ದಾಗ ಮಾತ್ರ ಅದು, ಇಲ್ಲದಿದ್ದರೆ ಮಾಮೂಲು ಇಸವಿ ಎನ್ನುವ ಗಂಟನ್ನು ಹೇಗೆ ಹಾಕಿದೆ ಎಂದು ಇಲ್ಲಿ ಹೇಳುವುದಿಲ್ಲ. ಎದುರು ಸಿಕ್ಕಿ ಒಂದು ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದರೆ ನೋಡುವ.

ಉಡುಪಿ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಆರು ಸಂಪುಟ. ಅದಕ್ಕೆ ಸಂಪುಟ ಸಂಖ್ಯೆ ಸೇರಿಸಿ ಕೈಯಾರೆ ಕೀ ಬರೆದು ಪಿನ್ ಮಾಡಿಬಿಟ್ಟೆ. ಆರು ಎಂಟ್ರಿಗೋಸ್ಕರ ಸೂತ್ರ ಉದ್ದ ಮಾಡುವುದು ದಂಡ.

ಸಾಫ್ಟ್‌ವೇರಿಗೆ ಕಾಸಿಲ್ಲ. ಝೋಟೆರೊ ಪುಕ್ಕಟೆ ಕೊಡುವ 300 ಎಂಬಿ ಜಾಗ ಸ್ಕ್ಯಾನ್ ಪ್ರತಿಗಳಿಗೆ ಯಾವ ಮೂಲೆಗೂ ಸಾಲದು, ಹಾಗಾಗಿ ಫೈಲ್ ಸಿಂಕ್ ಬಂದ್ ಮಾಡಿ ಪಿಡಿಎಫ್ ಎಲ್ಲ ಹಾರ್ಡ್‌ಡಿಸ್ಕಿನಲ್ಲೇ ಇಟ್ಟಿದ್ದೇನೆ.